ಹಳೆಯ ಆವೃತ್ತಿಗೆ ಹೊಸ ತೇಪೆ: ಒಂದು ಪದ್ಧತಿಯ ಗುಣದೋಷ

ಕಲಬುರಗಿ ಜಿಲ್ಲೆಯ ಕಮಲಾಪುರದ ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಡುವವರ, ಪಹಣಿ ಪಡೆಯುವ ಕೆಂಪುಬಾಳೆ ಬೆಳೆಗಾರರ ದಾಖಲೆಗಳೆಲ್ಲ ಇಂದು ದೂರದ ಸರ್ವರ್‌ಗಳಲ್ಲಿವೆ. ಸರ್ವರ್‌ಗಳನ್ನು ಎದುರಿಗೆ ಕುಳಿತು ನಡೆಸುವುದು ಅಪರೂಪ. ನಿರ್ವಾಹಕರು ಜಾಲದ ಮೂಲಕ ಲಾಗಿನ್ ಆಗಿಯೇ ಅವುಗಳನ್ನು ನೋಡಿಕೊಳ್ಳುತ್ತಾರೆ. ಲಿನಕ್ಸ್ ಸರ್ವರ್‌ಗಳಲ್ಲಿ ಈ ಕೆಲಸಕ್ಕೆ ರೂಢಿಯಲ್ಲಿರುವ ತಂತ್ರಾಂಶ, ಓಪನ್‌ಬಿಎಸ್‌ಡಿ ತಂಡ 1999ರಲ್ಲಿ ಹೊರತಂದ ಓಪನ್‌ಎಸ್‌ಎಸ್‌ಎಚ್. ಅದರಲ್ಲಿ ಭದ್ರತಾ ದೋಷ ಕಂಡುಬಂದಾಗ, ತಂತ್ರಾಂಶಗಳನ್ನು ಪ್ಯಾಕೇಜ್‌ಗಳಾಗಿ ಸಜ್ಜುಗೊಳಿಸಿ ಹಂಚುವ ಡೆಬಿಯನ್ ಯೋಜನೆಯು ತನ್ನ ಸ್ಥಿರ ಬಿಡುಗಡೆಗೆ ಸಾಮಾನ್ಯವಾಗಿ ಹೊಸ ಆವೃತ್ತಿಯನ್ನು ತರದೆ, ಹಳೆಯದಕ್ಕೇ ಬೇಕಾದಷ್ಟು ತೇಪೆಯನ್ನು ಮಾತ್ರ ಹಾಕುತ್ತದೆ.

ಈ ಮಿತವ್ಯಯದ ಪ್ರಯೋಜನ 2024ರ ಜುಲೈ 1ರಂದು ಸ್ಪಷ್ಟವಾಯಿತು. ಓಪನ್‌ಎಸ್‌ಎಸ್‌ಎಚ್‌ನಲ್ಲಿ ನಿಗದಿತ ಗಡುವಿನೊಳಗೆ ಲಾಗಿನ್ ಪೂರ್ಣಗೊಳ್ಳದಾಗ ನಡೆಯುವ ಒಂದು ಅಸುರಕ್ಷಿತ ಕ್ರಿಯೆಯನ್ನು ಬಳಸಿಕೊಂಡು, ಪಾಸ್‌ವರ್ಡ್ ಇಲ್ಲದೆಯೇ ಸರ್ವರ್‌ನ ಪೂರ್ಣ ಅಧಿಕಾರ ಪಡೆಯಬಹುದೆಂದು ಕ್ವಾಲಿಸ್ ಸಂಸ್ಥೆ ಅಂದು ಪ್ರಕಟಿಸಿತು. ವಾಸ್ತವವಾಗಿ ಇದು 2006ರಲ್ಲಿಯೇ ಮುಚ್ಚಿದ್ದ ಬಿರುಕು, 8.5ನೆಯ ಆವೃತ್ತಿಯ ವೇಳೆ ಆ ರಕ್ಷಣೆ ಅರಿವಿಲ್ಲದೆ ಕಳಚಿಹೋಗಿತ್ತು. ಆದ್ದರಿಂದ 8.4 ಇದ್ದ ಡೆಬಿಯನ್ 11ಕ್ಕೆ ಅಪಾಯ ತಟ್ಟಲಿಲ್ಲ, 9.2 ಇದ್ದ ಡೆಬಿಯನ್ 12ಕ್ಕೆ ಒಡನೆಯೇ ತಿದ್ದುಪಡಿ ಬಂದಿತು. ಹೊಸದೆಲ್ಲ ಹೆಚ್ಚು ಸುರಕ್ಷಿತವೆಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಆದರೆ ತೇಪೆ ಹಾಕುವ ಕೈಯೂ ತಪ್ಪಬಲ್ಲದು. ಗೂಢಲಿಪಿಯ ಕೀಲಿಗಳನ್ನು ಸೃಷ್ಟಿಸಲು ನೆರವಾಗುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶ ಗ್ರಂಥಾಲಯದಲ್ಲಿ ಡೆಬಿಯನ್ 2006ರಲ್ಲಿ ಮಾಡಿದ ಸಣ್ಣ ಬದಲಾವಣೆಯಿಂದಾಗಿ, ಊಹೆಗೆ ನಿಲುಕದಷ್ಟಿರಬೇಕಾದ ಕೀಲಿಗಳ ಸಾಧ್ಯತೆಗಳು ಪ್ರತಿ ಬಗೆಗೆ ಸುಮಾರು 32 ಸಾವಿರಕ್ಕೆ ಇಳಿದವು. ಇದು ಬಯಲಾದದ್ದು 2008ರ ಮೇ ತಿಂಗಳಲ್ಲಿ. ಆಗ ತಂತ್ರಾಂಶವನ್ನು ತಿದ್ದಿದರೆ ಸಾಲುತ್ತಿರಲಿಲ್ಲ. ದುರ್ಬಲ ಕೀಲಿಗಳನ್ನು ಗುರುತಿಸಿ ತಿರಸ್ಕರಿಸುವಂತೆ ಓಪನ್‌ಎಸ್‌ಎಸ್‌ಎಚ್ ಪ್ಯಾಕೇಜನ್ನೂ ಪರಿಷ್ಕರಿಸಬೇಕಾಯಿತು, ಬಳಕೆದಾರರು ಹೊಸ ಕೀಲಿಗಳನ್ನು ಮಾಡಿಕೊಳ್ಳಬೇಕಾಯಿತು.

ಪದ್ಧತಿಯ ಇನ್ನೊಂದು ಕೊರತೆ ಅದರ ಮೌನ. ತಿದ್ದುಪಡಿಯಾದ ಮೇಲೆಯೂ ಡೆಬಿಯನ್ 12ರ ಓಪನ್‌ಎಸ್‌ಎಸ್‌ಎಚ್‌ನ ಮುಖ್ಯ ಸಂಖ್ಯೆ 9.2 ಆಗಿಯೇ ಉಳಿದು, ಅದರ ಬಾಲದಲ್ಲಿ ‘ಡೆಬ್12ಯು3’ ಎಂಬಂಥ ಗುರುತು ಮಾತ್ರ ಸೇರುವುದರಿಂದ, ಮುಖ್ಯ ಸಂಖ್ಯೆಯನ್ನಷ್ಟೇ ನೋಡುವ ತಪಾಸಕರು ತಿದ್ದಿದ ಸರ್ವರನ್ನು ದೋಷಪೂರಿತವೆನ್ನುತ್ತಾರೆ.

ಇಷ್ಟಾದರೂ ಪದ್ಧತಿ ಶ್ಲಾಘನೀಯವೇ. ನಡೆಯುತ್ತಿರುವ ಸೇವೆಯನ್ನು ಕೆಡಿಸದೆ ಅಪಾಯವನ್ನಷ್ಟೇ ಕಳೆಯುವ ವಿವೇಕ ಅದರಲ್ಲಿದೆ, ಕೀಲಿಗಳ ಪ್ರಮಾದವನ್ನು 2008ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡ ಪ್ರಾಮಾಣಿಕತೆಯೂ ಅದರ ಬಲವೇ ಆಗಿದೆ. ಆದರೆ ಸಿದ್ಧವಾದ ತೇಪೆ ಸರ್ವರನ್ನು ತಲುಪದಿದ್ದರೆ ಅದು ಇದ್ದೂ ಇಲ್ಲದಂತೆ. 1958ರಲ್ಲಿ ಆರಂಭವಾದ ಪಿಡಿಎ ಎಂಜಿನಿಯರಿಂಗ್ ಕಾಲೇಜು ಇರುವ ಕಲಬುರಗಿಯಂಥ ನಗರದಲ್ಲಿ, ಹೊಸ ತಂತ್ರಾಂಶ ಬರೆಯುವ ವಿದ್ಯೆಗೆ ಸಲ್ಲುವ ಗೌರವ ಇದ್ದುದನ್ನು ಕಾಪಾಡುವ ಈ ವಿದ್ಯೆಗೂ ಸಲ್ಲಬೇಕು. ಕಮಲಾಪುರದ ರೈತನ ಪಹಣಿ ಭದ್ರವಾಗಿರುವುದು ಅಂಥ ಕಾವಲಿನಿಂದಲೇ.