ಮಾತಿನ ಚಿಕಿತ್ಸೆಯ ಬಲ ಎಲ್ಲಿದೆ?

ಎಂದಿನ ದಾರಿ ಬಿಟ್ಟು ಶಾಲಾ ಬಸ್ಸು ಬೇರೆ ದಾರಿ ಹಿಡಿದರೆ, ಆಟದಲ್ಲಿ ಸೋತರೆ, ಬರಬೇಕಾದ ಟೀಚರ್ ಬದಲು ಇನ್ನೊಬ್ಬರು ತರಗತಿಗೆ ಬಂದರೆ ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಇಡೀ ದಿನ ಕೈತಪ್ಪಿ ಹೋಗುತ್ತದೆ. ಇಂಥ ನಿತ್ಯದ ಒತ್ತಡವನ್ನು ತಾಳಿಕೊಳ್ಳಲು ಮಾತಿನ ಮೂಲಕ ನಡೆಯುವ ಮನಶ್ಚಿಕಿತ್ಸೆ ನೆರವಾದೀತೇ ಎಂಬುದನ್ನು ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದ ಜೊನಾಥನ್ ವೈಸ್ ಮತ್ತು ಸಂಗಡಿಗರು 68 ಮಕ್ಕಳಲ್ಲಿ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಕ್ಕಳ ವಯಸ್ಸು 8ರಿಂದ 12. ಅವರಿಗೆ ಕೊಟ್ಟದ್ದು ಸಿಬಿಟಿ, ಅಂದರೆ ಯೋಚನೆ, ಭಾವನೆ, ವರ್ತನೆಗಳ ನಡುವಿನ ನಂಟನ್ನು ಗುರುತಿಸಿ ತಿದ್ದಿಕೊಳ್ಳುವ ಚಿಕಿತ್ಸೆ. ಇದಕ್ಕೆ ಆಸ್ಟ್ರೇಲಿಯಾದ ರೆನೇ ಬೋಮಾಂಟ್ ರೂಪಿಸಿದ್ದ ಗೂಢಚಾರರ ಕಥಾಹಂದರದ ಕಾರ್ಯಕ್ರಮವನ್ನು ಬಳಸಿಕೊಂಡರು. ಹತ್ತು ಭೇಟಿಗಳ ನಂತರ, ಯಾರಿಗೆ ಚಿಕಿತ್ಸೆ ಸಿಕ್ಕಿದೆ ಎಂದು ತಿಳಿಯದ ತಜ್ಞರೇ ಮಕ್ಕಳನ್ನು ಅಳೆದಾಗ, ಚಿಕಿತ್ಸೆ ಪಡೆದವರಲ್ಲಿ ಶೇ. 74ರಷ್ಟು ಮಂದಿ ಸುಧಾರಿಸಿದ್ದರು. ಇನ್ನೂ ಸರದಿಯಲ್ಲಿ ಕಾಯುತ್ತಿದ್ದವರಲ್ಲಿ ಶೇ. 31.

ಆಟಿಸಂ ಇರುವ ಮಕ್ಕಳಿಗೆ ತಮ್ಮ ಒಳಗನ್ನು ನೋಡಿಕೊಳ್ಳಲು ಬಾರದು, ಅವರೊಡನೆ ಭಾವನೆಗಳ ಮಾತಾಡಿ ಪ್ರಯೋಜನವಿಲ್ಲ ಎಂಬ ಹಳೆಯ ನಂಬಿಕೆಗೆ ಇದು ಕೊಟ್ಟ ಪೆಟ್ಟು ದೊಡ್ಡದು. ಹಾಗೆಂದು ಯಶಸ್ಸನ್ನೆಲ್ಲ ಮಾತಿನ ಖಾತೆಗೆ ಬರೆಯುವುದು ನನಗೆ ಸರಿಕಾಣುವುದಿಲ್ಲ. ಇಲ್ಲಿ ಮಗು ಗೂಢಚಾರನಾಗುತ್ತದೆ, ಸಿಟ್ಟು ಏರುವ ಸುಳಿವನ್ನು ಮೈಯಲ್ಲೇ ಪತ್ತೆಹಚ್ಚುತ್ತದೆ, ಕಲಿತದ್ದನ್ನು ಮನೆಯಲ್ಲಿ ಮಾಡಿ ನೋಡುತ್ತದೆ. ಅಪ್ಪನೋ ಅಮ್ಮನೋ ಪ್ರತಿ ಭೇಟಿಯಲ್ಲೂ ಜೊತೆಗಿದ್ದು ಸಹಚಿಕಿತ್ಸಕರಾಗುತ್ತಾರೆ. ವಾರಕ್ಕೊಂದು ಗಂಟೆಯ ಮಾತು ಉಳಿದ ದಿನಗಳಿಗೂ ಹರಿದದ್ದು ಅವರಿಂದಲೇ ಎಂಬುದು ನನ್ನ ತೀರ್ಮಾನ.

ಕಾಯುವವರೊಡನೆ ಹೋಲಿಸಿದರೆ ಯಾವ ಚಿಕಿತ್ಸೆಯಾದರೂ ಗೆದ್ದೀತು, ಯಾರೋ ಗಮನ ಕೊಟ್ಟರೆಂಬುದೇ ಸಾಕಾದೀತು ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಉತ್ತರ ಜೆಫ್ರಿ ವುಡ್ ಮತ್ತು ಸಂಗಡಿಗರು ಅಮೆರಿಕದಲ್ಲಿ 7ರಿಂದ 13 ವರ್ಷದ 167 ಮಕ್ಕಳೊಡನೆ ನಡೆಸಿದ ಅಧ್ಯಯನದಲ್ಲಿದೆ. ಆತಂಕಕ್ಕೆ ಎಲ್ಲ ಮಕ್ಕಳಿಗೂ ಕೊಡುವ ಸಿಬಿಟಿ ಮತ್ತು ಆಟಿಸಂಗೆಂದೇ ಹೊಂದಿಸಿದ ಸಿಬಿಟಿ ಎರಡನ್ನೂ ಅಲ್ಲಿ ಎದುರುಬದುರು ಇಟ್ಟರು. ಎರಡೂ ಫಲ ಕೊಟ್ಟವು, ಹೊಂದಿಸಿದ್ದು ಹೆಚ್ಚು ಕೊಟ್ಟಿತು. ಗಮನ ಎರಡೂ ಗುಂಪಿಗೆ ಸಿಕ್ಕಿತ್ತು. ಆದ್ದರಿಂದ ಮಗುವಿಗೆ ತಕ್ಕಂತೆ ಚಿಕಿತ್ಸೆಯನ್ನು ಮಾರ್ಪಡಿಸಿದ್ದಕ್ಕೂ ಬೆಲೆಯಿದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಹನವಾದದ್ದು, ಆಟಿಸಂ ಇರುವ ವಯಸ್ಕರೇ ಎತ್ತುವಂಥದ್ದು: ಗದ್ದಲದ ತರಗತಿಯನ್ನು ಹಾಗೇ ಬಿಟ್ಟು ಮಗುವಿಗೆ ಸಹನೆ ಕಲಿಸುವುದು ಯಾವ ನ್ಯಾಯ? ಈ ಮಾತನ್ನು ತಳ್ಳಿಹಾಕಲಾಗದು. ಅಂಗವಿಕಲರ ಹಕ್ಕುಗಳ ನಮ್ಮ 2016ರ ಕಾಯ್ದೆಯೂ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡುವ ಹೊಣೆಯನ್ನು ಶಾಲೆಯ ಮೇಲೇ ಹೊರಿಸಿದೆ. ಆದರೂ ಸದ್ದಿಲ್ಲದ ತರಗತಿಯಿಂದ ಹೊರಬಂದ ಮಗು ರಸ್ತೆಯ ಹಾರ್ನ್ ಕೇಳಲೇಬೇಕು, ಬಂಧುಗಳ ಮದುವೆಗೆ ಹೋಗಲೇಬೇಕು. ಅಲ್ಲಿ ತನ್ನ ಮೈ ಬಿಗಿಯುತ್ತಿದೆ ಎಂದು ಮೊದಲೇ ಅರಿತು, ಹೊರಗೆ ಹೋಗೋಣ ಎಂದು ಕೇಳಬಲ್ಲ ಮಗುವಿಗೆ ಸಿಕ್ಕಿರುವುದು ಸ್ವಂತ ಹಿಡಿತ. ಕಿವಿ ಮುಚ್ಚಿಕೊಳ್ಳುವುದನ್ನೂ ಕೈ ಆಡಿಸುವುದನ್ನೂ ಬಿಡಿಸಿ, ನೋಡುವವರಿಗೆ ಸಮಾಧಾನ ತರುವುದೇ ಗುರಿಯಾದರೆ ಮಾತ್ರ ಚಿಕಿತ್ಸೆ ದಾರಿ ತಪ್ಪಿದಂತೆ. ಹಾಗಾಗಿ ಪೋಷಕರ ಪ್ರಶ್ನಾವಳಿಯಲ್ಲಿ ರಂಪ ಕಡಿಮೆಯಾಯಿತು ಎಂಬ ಗುರುತು ಬಿದ್ದರೆ ನನಗೆ ಸಾಲದು. ಮಗುವಿಗೆ ದಿನ ಹಗುರವಾಯಿತೇ ಎಂಬುದನ್ನು ಮಗುವಿನಿಂದಲೇ ತಿಳಿಯುವ ಅಳತೆಗಳು ಬೇಕು.

ಟೊರಾಂಟೊದ ಮಕ್ಕಳು ಮಾತು ಬಲ್ಲವರು, ಬೌದ್ಧಿಕ ಕುಂದಿಲ್ಲದವರು ಎಂಬುದೇ ಈ ಕೆಲಸದ ದೊಡ್ಡ ಮಿತಿ. ಮಾತೇ ಬಾರದ ಮಗುವಿಗೂ ಒತ್ತಡವಿದೆ, ಬಹುಶಃ ಇನ್ನೂ ಹೆಚ್ಚು, ಏಕೆಂದರೆ ಅದನ್ನು ಹೇಳುವ ದಾರಿಯೂ ಅದಕ್ಕಿಲ್ಲ. ಚಿತ್ರದ ಕಾರ್ಡು, ಮುಂಚೆಯೇ ತೋರಿಸಿದ ದಿನಚರಿ, ಜೊತೆಯಲ್ಲಿ ಕಲಿತ ಪೋಷಕರು ಇವ್ಯಾವುವೂ ಮಗುವಿನ ಮಾತನ್ನು ನೆಚ್ಚಿಕೊಂಡಿಲ್ಲ. ಮುಂದಿನ ಅಧ್ಯಯನ ಅಲ್ಲಿಂದ ಶುರುವಾಗಬೇಕು.