ಸೆರಗಿನ ಕೆಂಪು, ಅಂಕಿಯ ಕೆಂಪು

ಕಳೆದ ಮಾಘಮಾಸದಲ್ಲಿ ಅಕ್ಕನ ಮನೆಯ ಹಜಾರದಲ್ಲಿ, ಉತ್ತರದ ಕಿಟಕಿಯಿಂದ ಬೆಳಗಿನ ಹೊತ್ತು ಇಳಿದು ಬರುವ ಸೌಮ್ಯವಾದ ಬೆಳಕಿನಲ್ಲಿ, ಅವಳ ಮದುವೆಯ ಇಳಕಲ್ ಸೀರೆಯನ್ನು ಹಾಸಿ ನಾನೊಂದು ಚಿತ್ರ ತೆಗೆದೆ. ಒಡಲು ನವಿಲುಬಣ್ಣದ ಹತ್ತಿ, ಸೆರಗು ದಾಳಿಂಬೆಗೆಂಪಿನ ರೇಷ್ಮೆ; ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿಗೆ ಕೊಂಡಿ ಸಿಕ್ಕಿಸಿ ಬೆಸೆಯುವ ಆ ಊರಿನ ನೇಕಾರರ ಕೌಶಲದಿಂದಾಗಿ ಎರಡು ವರ್ಣಗಳೂ ಒಂದರೊಳಗೊಂದು ಕದಡದೆ, ಗೆರೆ ಕೊರೆದಂತೆ, ಎದುರುಬದುರಾಗಿ ನಿಂತಿದ್ದುವು. ನನ್ನ ಮೇಜಿನ ಮೇಲಣ ಮಾನಿಟರಿನಲ್ಲಿ ಚಿತ್ರವು ಸೀರೆಯನ್ನೇ ಕಣ್ಣೆದುರು ಹರವಿದಂತೆ ತೋರಿತು. ಬಂಧುಗಳೆಲ್ಲರೂ ನೋಡಲೆಂದು ಅದನ್ನು ಜಾಲತಾಣವೊಂದಕ್ಕೆ ಏರಿಸಿದೆ. ಪುಣೆಯಲ್ಲಿರುವ ಅಕ್ಕನ ಮಗಳು ಆ ಸಂಜೆಯೇ ಫೋನು ಮಾಡಿ, “ಮಾಮ, ಅಮ್ಮನ ಸೀರೆ ಇಷ್ಟೊಂದು ಮಾಸಿಹೋಗಿದೆಯಾ? ಹೋದ ಸಲ ಬಂದಾಗ ಹೀಗಿರಲಿಲ್ಲವಲ್ಲ” ಎಂದಳು. ಆ ದನಿಯಲ್ಲಿದ್ದ ಕಳವಳ ನನ್ನನ್ನು ಆ ರಾತ್ರಿ ನಿದ್ರೆಗೆ ಬಿಡಲಿಲ್ಲ.

ಸೀರೆ ಮಾಸಿರಲಿಲ್ಲ. ಚಿತ್ರದ ಅಂಕಿಗಳು ನನ್ನ ಮನೆಯಿಂದ ಹೊರಟಂತೆಯೇ ಪುಣೆಯನ್ನು ತಲುಪಿದ್ದುವು. ಅವುಗಳ ಅರ್ಥವು ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

ಡಿಜಿಟಲ್ ಚಿತ್ರದೊಳಗೆ ವರ್ಣವೆಂಬುದು ಇರುವುದಿಲ್ಲ, ಅಂಕಿಗಳಿರುತ್ತವೆ ಎಂಬುದನ್ನು ಈ ವಿದ್ಯೆಗೆ ಕೈಹಾಕುವವರು ಮೊದಲು ಮನಗಾಣಬೇಕು. ಪ್ರತಿಯೊಂದು ಪಿಕ್ಸೆಲಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿಗಳು. ಸಾಮಾನ್ಯವಾದ ಜೆಪೆಗ್ ಕಡತದಲ್ಲಿ ಒಂದೊಂದೂ 0ಯಿಂದ 255ರವರೆಗೆ. ಆದರೆ ‘ಕೆಂಪು 219’ ಎಂದರೆ ಎಷ್ಟು ಕೆಂಪು? ನಮ್ಮ ಅಜ್ಜಂದಿರ ಕಾಲದಲ್ಲಿ ಅಂಗಡಿಯ ಮುಂದೆ ನಿಂತವನು ಮೂರು ಸೇರು ಎಂದೊಡನೆ, ಕಚ್ಚಾ ಸೇರೋ ಪಕ್ಕಾ ಸೇರೋ ಎಂದು ಅಂಗಡಿಯವನು ಕೇಳುತ್ತಿದ್ದನು. ಯಾವ ಸೇರೆಂದು ತಿಳಿಯದೆ ಮೂರು ಎಂಬ ಸಂಖ್ಯೆಗೆ ತೂಕವೇ ಇರುತ್ತಿರಲಿಲ್ಲ. ಚಿತ್ರದ ಕಡತದೊಳಗೆ ಅಡಕವಾಗಿ ಕುಳಿತು ‘ಈ ಅಂಕಿಗಳು ಇಂಥ ಸೇರಿನಲ್ಲಿ ಅಳೆದವು’ ಎಂದು ಹೇಳುವ ಚೀಟಿಯೇ ಕಲರ್ ಪ್ರೊಫೈಲ್. ಈ ಚೀಟಿಯ ಒಕ್ಕಣೆಯನ್ನು ಎಲ್ಲ ಯಂತ್ರಗಳೂ ಒಂದೇ ರೀತಿಯಲ್ಲಿ ಓದುವಂತಾಗಲೆಂದು 1993ರಲ್ಲಿ ಎಂಟು ಸಂಸ್ಥೆಗಳು ಕೂಡಿ ಐಸಿಸಿ ಎಂಬ ಒಕ್ಕೂಟವನ್ನು ಕಟ್ಟಿದುವು. ಅದಕ್ಕೆ ಆಧಾರವಾದ ಮೂಲಮಾನವು ಇನ್ನೂ ಹಳೆಯದು: ರೈಟ್ ಮತ್ತು ಗಿಲ್ಡ್ ಎಂಬ ಇಬ್ಬರು ವಿಜ್ಞಾನಿಗಳು ಇಂಗ್ಲೆಂಡಿನಲ್ಲಿ ಬೇರೆಬೇರೆಯಾಗಿ, ಒಟ್ಟು 17 ಮಂದಿಯ ಕಣ್ಣುಗಳನ್ನು ಪರೀಕ್ಷಿಸಿ ಪಡೆದ ಫಲಿತಾಂಶಗಳಿಂದ 1931ರಲ್ಲಿ ಸಿದ್ಧವಾದ ಸಿಐಇ ವರ್ಣಮಾನವದು. ಆ 17 ಮಂದಿಯ ಕಣ್ಣಿನ ಸಾಕ್ಷ್ಯದ ಮೇಲೆಯೇ ಇಂದು ನಮ್ಮ ಫೋನುಗಳ ವರ್ಣಲೆಕ್ಕವೆಲ್ಲ ನಿಂತಿದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ಜಾಲಲೋಕದ ಸೇರಿಗೆ ಎಸ್‌ಆರ್‌ಜಿಬಿ ಎಂದು ಹೆಸರು. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು 1996ರಲ್ಲಿ ಅದನ್ನು ಮುಂದಿಟ್ಟುವು. 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಅಂದಿನ ಸಾಧಾರಣ ಗಾಜಿನ ಮಾನಿಟರುಗಳು ಎಷ್ಟು ಬಣ್ಣ ತೋರಬಲ್ಲುವೋ ಅಷ್ಟನ್ನೇ ಎಲ್ಲೆಯಾಗಿ ಇಟ್ಟುಕೊಂಡ ವರ್ಣವಲಯವಾದುದರಿಂದ ಅದು ಕಿರಿದು. ಅದಕ್ಕಿಂತ ವಿಶಾಲವಾದ ಅಡೋಬಿ ಆರ್‌ಜಿಬಿ ವಲಯದ ಜನ್ಮವೃತ್ತಾಂತವು ಕೇಳತಕ್ಕದ್ದು: ಫೋಟೋಶಾಪಿನ ಐದನೆಯ ಆವೃತ್ತಿಯನ್ನು ರೂಪಿಸುತ್ತಿದ್ದಾಗ ದೂರದರ್ಶನದ ಮಾನಕವೊಂದನ್ನು ಅನುಸರಿಸುತ್ತಿದ್ದೇವೆಂದು ನಂಬಿ, ಆ ಮಾನಕದ ಆದರ್ಶರೂಪದ ಅಂಕಿಗಳನ್ನು ತೆಗೆದುಕೊಂಡು, ಅವುಗಳಲ್ಲಿಯೂ ಕೆಂಪಿನ ಅಂಕಿಯನ್ನು ತಪ್ಪಾಗಿ ನಕಲುಮಾಡಿದರು, ತಪ್ಪು ತಿಳಿದುಬಂದ ಮೇಲೆ ತಿದ್ದಹೋದರೆ, ಆ ತಪ್ಪಿನ ವಲಯವೇ ಮುದ್ರಣದ ಕೆಲಸಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಒದಗುತ್ತಿದ್ದುದರಿಂದ, ಅದನ್ನೇ ಉಳಿಸಿಕೊಂಡು 1998ರಲ್ಲಿ ಹೊಸ ಹೆಸರಿಟ್ಟರು.

ಈ ಎರಡು ವಲಯಗಳಲ್ಲಿ ಕೆಂಪಿನ ಮತ್ತು ನೀಲಿಯ ತುದಿಗಳು ಒಂದೇ ಕಡೆ ಇವೆ. ಹಸಿರಿನ ತುದಿಯೊಂದು ಮಾತ್ರ ಅಡೋಬಿಯಲ್ಲಿ ಆಚೆಗೆ ಸರಿದಿದೆ. ಹಾಗಿದ್ದಮೇಲೆ ಸೆರಗಿನ ಕೆಂಪು ಕೆಡಲು ಕಾರಣವೇನೆಂದು ನಾನೂ ಬಹಳ ಹೊತ್ತು ಯೋಚಿಸಿದೆ. ಮೂರೂ ವರ್ಣಗಳು ಪೂರ್ಣವಾಗಿ ಬೆಳಗಿ ಕೂಡಿದಾಗ ಅದೇ ಬಿಳುಪು ಬರಬೇಕಷ್ಟೆ. ಒಂದರ ತುದಿ ಸರಿದರೆ ಉಳಿದವುಗಳ ಪಾಲೂ ಹೆಚ್ಚುಕಡಿಮೆಯಾಗಲೇಬೇಕು. ಹೀಗೆ ಅಡೋಬಿಯಲ್ಲಿ ಕೆಂಪಿನ ಪಾಲು ಹಿಗ್ಗಿತು. ಎಸ್‌ಆರ್‌ಜಿಬಿಯಲ್ಲಿ 255, 0, 0 ಎಂದು ಬರೆಯುವ ಅಪ್ಪಟ ಕೆಂಪನ್ನು ಅಡೋಬಿಯ ಲೆಕ್ಕದಲ್ಲಿ ಬರೆದರೆ 219, 0, 0 ಆಗುತ್ತದೆ. ಇವೆರಡೂ ಒಂದೇ ಬಣ್ಣ. ಚೀಟಿಯೊಂದು ಕಳೆದುಹೋಯಿತೆನ್ನಿ, ಆಗ ಓದುವ ಯಂತ್ರವು ಆ 219ನ್ನು ಎಸ್‌ಆರ್‌ಜಿಬಿಯ 219 ಎಂದೇ ಭಾವಿಸಿ, ಉಜ್ಜ್ವಲವಾದ ಕೆಂಪಿಗೆ ಬದಲಾಗಿ ಒಂದು ಮಬ್ಬುಗೆಂಪನ್ನು ತೋರುತ್ತದೆ. ನಾನು ಅಡೋಬಿ ವಲಯದಲ್ಲಿದ್ದ ಚಿತ್ರವನ್ನು ಪರಿವರ್ತಿಸದೆ ಹಾಗೆಯೇ ಕಳುಹಿಸಿದ್ದೆ. ಆ ತಾಣವು ಕಡತದ ಗಾತ್ರ ತಗ್ಗಿಸುವ ಭರದಲ್ಲಿ ಚೀಟಿಯನ್ನು ಕಿತ್ತೊಗೆದಿತ್ತು.

ಇಂಥ ಚಿತ್ರ ಕೈಗೆ ಬಂದಾಗ ಫೋಟೋಶಾಪಿನಲ್ಲಿ ಅಕ್ಕಪಕ್ಕದಲ್ಲಿಯೇ ಇರುವ ಎರಡು ಆಜ್ಞೆಗಳ ನಡುವೆ ಅನೇಕರು ಎಡವುತ್ತಾರೆ: ಒಂದು ಅಸೈನ್ ಪ್ರೊಫೈಲ್, ಇನ್ನೊಂದು ಕನ್ವರ್ಟ್ ಟು ಪ್ರೊಫೈಲ್. ಮೊದಲನೆಯದು ಅಂಕಿಗಳನ್ನು ಮುಟ್ಟದೆ ಚೀಟಿಯನ್ನು ಮಾತ್ರ ಬದಲಿಸುತ್ತದೆ. ಆದುದರಿಂದ ಚಿತ್ರದ ಬಣ್ಣವೇ ಕಣ್ಣೆದುರು ಮಾರ್ಪಡುತ್ತದೆ. ಎರಡನೆಯದು ಬಣ್ಣವನ್ನು ಹಾಗೆಯೇ ಕಾಪಾಡಿಕೊಂಡು, ಹೊಸ ಸೇರಿಗೆ ತಕ್ಕಂತೆ ಅಂಕಿಗಳನ್ನು ಮತ್ತೆ ಅಳೆದು ಬರೆಯುತ್ತದೆ. ಪಕ್ಕಾ ಸೇರಿನ ಮೂಟೆಯ ಮೇಲೆ ಕಚ್ಚಾ ಸೇರು ಎಂದು ಬರೆದಂತೆ ಮೊದಲನೆಯದು. ಮೂಟೆ ಬಿಚ್ಚಿ ಕಚ್ಚಾ ಸೇರಿನಲ್ಲಿ ಅಳೆದು ಹೊಸ ಲೆಕ್ಕ ಬರೆದಂತೆ ಎರಡನೆಯದು. ಜಾಲಕ್ಕೆ ಕಳುಹಿಸುವವರಿಗೆ ಬೇಕಾದುದು ಯಾವಾಗಲೂ ಎರಡನೆಯದೇ. ಯಾರೋ ಚೀಟಿಯಿಲ್ಲದೆ ಕೊಟ್ಟ ಚಿತ್ರದ ಮೂಲವಲಯವು ಇಂಥದೆಂದು ಖಂಡಿತವಾಗಿ ತಿಳಿದಾಗ ಮಾತ್ರ ಮೊದಲನೆಯದನ್ನು ಬಳಸತಕ್ಕದ್ದು. ಅಂಥ ಸಂದರ್ಭದಲ್ಲಿ ಕಡತದ ಹೆಸರನ್ನೊಮ್ಮೆ ನೋಡುವುದೂ ಒಳ್ಳೆಯದು: ಅನೇಕ ಕ್ಯಾಮೆರಾಗಳು ಅಡೋಬಿ ವಲಯದಲ್ಲಿ ತೆಗೆದ ಜೆಪೆಗ್ ಚಿತ್ರದ ಹೆಸರನ್ನು ಅಡಿಗೆರೆಯಿಂದ ಆರಂಭಿಸುತ್ತವೆ.

ಕೆಂಪಿನ ಕಥೆ ಇಷ್ಟಕ್ಕೆ ಮುಗಿಯಿತು. ನವಿಲುಬಣ್ಣದ ಕಥೆ ಅಷ್ಟು ಸುಲಭವಾಗಿರಲಿಲ್ಲ. ಹಸಿರು ನೀಲಿಗಳ ನಡುವಣ ಆ ಗಾಢವರ್ಣವು ಅಡೋಬಿ ವಲಯದೊಳಗೆ ನೆಮ್ಮದಿಯಾಗಿದ್ದು, ಎಸ್‌ಆರ್‌ಜಿಬಿಯ ಎಲ್ಲೆಯನ್ನು ಮೀರಿ ನಿಲ್ಲುವಂಥದು. ಪರಿವರ್ತಿಸಿದೊಡನೆ ಒಡಲಿನ ಒಂದು ಮಡಿಕೆಯಲ್ಲಿ ಕೆಂಪಿನ ಅಂಕಿ ಎಲ್ಲ ಕಡೆಯೂ 0ಗೆ ಇಳಿದುಬಿಟ್ಟಿತು. ಅಲ್ಲಿ ಒಂದೊಂದಾಗಿ ಎಣಿಸಬಹುದಾಗಿದ್ದ ನೂಲಿನ ಎಳೆಗಳು ಬಳಿದ ಬಣ್ಣದಂತೆ ಸಮತಟ್ಟಾದುವು. ಪರ್ಸೆಪ್ಚುಯಲ್ ಎಂಬ ಪರಿವರ್ತನಕ್ರಮವನ್ನು ಆರಿಸಿಕೊಂಡರೆ ಎಲ್ಲ ವರ್ಣಗಳೂ ಮೃದುವಾಗಿ ಒಳಸರಿಯುತ್ತವೆಂದು ಬಹುಮಂದಿ ನಂಬಿದ್ದಾರೆ. ಆದರೆ ಸಾಮಾನ್ಯವಾಗಿ ಬಳಕೆಯಲ್ಲಿರುವ ಎಸ್‌ಆರ್‌ಜಿಬಿ ಪ್ರೊಫೈಲಿನಲ್ಲಿ ಇರುವುದು ಬರಿಯ ಗಣಿತಕೋಷ್ಠಕ. ಆ ಕ್ರಮಕ್ಕೆ ಬೇಕಾದ ಪಟ್ಟಿಯೇ ಅದರೊಳಗಿಲ್ಲ. ಆದುದರಿಂದ ಯಾವ ಹೆಸರನ್ನು ಒತ್ತಿದರೂ ಆಗುವುದು ರಿಲೇಟಿವ್ ಕಲರಿಮೆಟ್ರಿಕ್ ಕ್ರಮವೇ, ಅಂದರೆ ಎಲ್ಲೆಯ ಹೊರಗಿನ ವರ್ಣಗಳನ್ನು ಎಲ್ಲೆಯ ಮೇಲೆ ತಂದು ಕತ್ತರಿಸಿ ನಿಲ್ಲಿಸುವುದು. ಮೃದುವಾಗಿ ಒಳಸರಿಸುವ ಕೆಲಸವನ್ನು ನಮ್ಮ ಕೈಯೇ ಮಾಡಬೇಕು. ಪರಿವರ್ತಿಸುವ ಮೊದಲು ಸಾಫ್ಟ್ ಪ್ರೂಫ್ ನೋಟವನ್ನು ತೆರೆದು, ಎಲ್ಲೆ ಮೀರಿದ ಕಡೆಗಳನ್ನು ಬೂದುಬಣ್ಣದಲ್ಲಿ ತೋರಿಸುವ ಎಚ್ಚರಿಕೆಯನ್ನು ಹಚ್ಚಿ, ಆ ಮಡಿಕೆಯೊಂದರ ವರ್ಣಸಾಂದ್ರತೆಯನ್ನು ಮಾತ್ರ ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಹೋದೆ. ಬೂದುಕಲೆ ಕರಗಿದಂತೆಲ್ಲ ಎಳೆಗಳು ಮರಳಿ ಬಂದುವು. ಇದಕ್ಕೆ ಒಂದು ಗಂಟೆ ಹಿಡಿಯಿತು. ಸೀರೆಯನ್ನು ನೆಯ್ದವನ ಶ್ರಮದ ಮುಂದೆ ಅದು ಯಾವ ಲೆಕ್ಕ!

ಇಷ್ಟೆಲ್ಲ ಮಾಡಿದರೂ ನೋಡುವ ಮಾನಿಟರೇ ಸುಳ್ಳು ಹೇಳಿದರೆ ತಿದ್ದಿದುದೆಲ್ಲ ವ್ಯರ್ಥ. ತೆರೆಯ ಮೇಲೆ ತೂಗುಹಾಕುವ ಕ್ಯಾಲಿಬ್ರೇಟರ್ ಒಂದನ್ನು ಕೊಳ್ಳುವುದು ಹೊಸ ಲೆನ್ಸು ಕೊಳ್ಳುವುದಕ್ಕಿಂತ ಮೊದಲು ಆಗಬೇಕಾದ ವೆಚ್ಚವೆಂದು ನನ್ನ ದೃಢವಾದ ಅಭಿಪ್ರಾಯ. ಮಾನಿಟರು ಅರ್ಧಗಂಟೆ ಬೆಚ್ಚಗಾದ ಮೇಲೆ ಬಿಳುಪನ್ನು 6500 ಕೆಲ್ವಿನ್ನಿಗೂ ಗಾಮಾವನ್ನು 2.2ಕ್ಕೂ ನಿಲ್ಲಿಸಿ ಅಳೆದರೆ, ಆ ಮಾನಿಟರಿಗೇ ಸ್ವಂತವಾದ ಒಂದು ಪ್ರೊಫೈಲು ಸಿದ್ಧವಾಗುತ್ತದೆ. ಅದನ್ನು ಗಣಕಯಂತ್ರಕ್ಕೆ ಒಪ್ಪಿಸಬೇಕೇ ಹೊರತು ಚಿತ್ರದೊಳಗೆ ಸೇರಿಸಬಾರದು. ನಮ್ಮ ಕನ್ನಡಕದ ನಂಬರನ್ನು ಊರಿನವರ ಕಣ್ಣಿಗೆಲ್ಲ ಹಂಚುವುದುಂಟೆ?

2015ರ ಐಮ್ಯಾಕ್, 2016ರ ಐಫೋನ್ 7 ಬಂದ ಮೇಲೆ ಪಿ3 ಎಂಬ ಇನ್ನೊಂದು ವಿಶಾಲ ವಲಯವು ಜನಸಾಮಾನ್ಯರ ಅಂಗೈಗೂ ಬಂದಿದೆ. ಇನ್ನು ಎಸ್‌ಆರ್‌ಜಿಬಿ ಏತಕ್ಕೆ ಎಂದು ಕೇಳುವ ಮಿತ್ರರಿದ್ದಾರೆ. ಚೀಟಿಯಿಲ್ಲದ ಚಿತ್ರವನ್ನು ಎಸ್‌ಆರ್‌ಜಿಬಿ ಎಂದೇ ಎಣಿಸಬೇಕೆಂಬುದು ಜಾಲದ ಕಟ್ಟಳೆ; ಆದುದರಿಂದ ದಾರಿಯಲ್ಲಿ ಚೀಟಿಯನ್ನು ಯಾರು ಕಿತ್ತರೂ ಅರ್ಥ ಕೆಡದೆ ಉಳಿಯುವ ವಲಯ ಅದೊಂದೇ. ಹಾಗೆಂದು ಚೀಟಿಯನ್ನು ನಾವಾಗಿಯೇ ಬಿಡಬಾರದು. ಸುಮಾರು 3 ಕಿಲೋಬೈಟಿನ ಆ ಭಾರವನ್ನು ಉಳಿಸಿ ಯಾರೂ ಸಿರಿವಂತರಾಗಲಾರರು. ತಿದ್ದುವ ಮೂಲಪ್ರತಿಯನ್ನು 16 ಬಿಟ್ಟಿನ ವಿಶಾಲವಲಯದಲ್ಲಿ ಮನೆಯಲ್ಲಿಯೇ ಜೋಪಾನವಾಗಿ ಇಟ್ಟುಕೊಂಡು, ಎಸ್‌ಆರ್‌ಜಿಬಿಗೆ ಪರಿವರ್ತಿಸಿ ಚೀಟಿಯೊಡನೆ ಉಳಿಸಿದ ನಕಲನ್ನಷ್ಟೇ ನಾನು ಈಗ ಹೊರಗೆ ಕಳುಹಿಸುವುದು.

ಯುಗಾದಿಗೆ ಅಕ್ಕನ ಮಗಳು ಊರಿಗೆ ಬಂದಳು. ಬಂದವಳು ಬೀರುವಿನಿಂದ ಸೀರೆಯನ್ನು ತೆಗೆದು, ಅದೇ ಉತ್ತರದ ಕಿಟಕಿಯ ಬಳಿ ಹರವಿ, ಹೊಸ ಚಿತ್ರವಿದ್ದ ಫೋನನ್ನು ಸೆರಗಿನ ಮೇಲಿಟ್ಟು ಬಗ್ಗಿ ನೋಡಿದಳು. ಕೆಂಪಿನ ಮೇಲೆ ಕೆಂಪು ಸರಿಯಾಗಿ ಕುಳಿತಿತ್ತು. ಅನಂತರ ಫೋನನ್ನು ಒಡಲಿನ ಮಡಿಕೆಯ ಪಕ್ಕಕ್ಕೆ ಸರಿಸಿ, ಒಮ್ಮೆ ಅದನ್ನೂ ಒಮ್ಮೆ ಇದನ್ನೂ ನೋಡಿ, “ಇದು ಮಾತ್ರ ಸೀರೆಯಲ್ಲೇ ಚೆಂದ ಮಾಮ” ಎಂದು ಹೇಳಿ, ಆ ನವಿಲುಬಣ್ಣದ ಮೇಲೆ ಬಹಳ ಹೊತ್ತು ಕೈಯಾಡಿಸುತ್ತ ಕುಳಿತಳು.