ಗ್ರಾಫಿಕ್ಸ್ ಕಾರ್ಡೂ ಅದರ ಡ್ರೈವರೂ: ಒಂದು ವಿಮರ್ಶೆ

ಗಣನೆಗೆ ಗ್ರಾಫಿಕ್ಸ್ ಕಾರ್ಡನ್ನು ಆರಿಸುವಾಗ ಕೋರ್‌ಗಳ ಸಂಖ್ಯೆಯನ್ನೂ ಮೆಮೊರಿಯ ಪ್ರಮಾಣವನ್ನೂ ನೋಡಿದರೆ ಸಾಕೆಂಬ ಅಭಿಪ್ರಾಯವುಂಟು. ಇದನ್ನು ನಾವು ಒಪ್ಪಲಾರೆವು.

ಬಂಗಾರಪೇಟೆಯ ನಿದರ್ಶನವನ್ನೇ ನೋಡಬಹುದು. ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಹೋಗುವ ಹಾದಿ ಬ್ರಾಡ್‌ಗೇಜ್. ಕೋಲಾರ ಪಟ್ಟಣಕ್ಕೆ 1913ರಲ್ಲಿ ಹಾಕಿದ್ದು ಎರಡೂವರೆ ಅಡಿಯ ನ್ಯಾರೋಗೇಜ್. ಮುಖ್ಯಮಾರ್ಗದ ಗಾಡಿ ಗಣಿಗೆ ನೇರವಾಗಿ ಸಾಗಬಹುದಾಗಿತ್ತು. ಕೋಲಾರದ ಸರಕನ್ನಾದರೋ ಬಂಗಾರಪೇಟೆಯಲ್ಲಿಳಿಸಿ ಬೇರೆ ಗಾಡಿಗೆ ಏರಿಸಬೇಕಾಗಿತ್ತು. ಗೇಜು ಕೂಡದಲ್ಲಿ ಎಂಜಿನ್ನಿನ ಬಲದಿಂದ ಫಲವೇನು?

ಕಾರ್ಡಿಗೂ ಕಾರ್ಯಕ್ರಮಕ್ಕೂ ನಡುವಣ ಡ್ರೈವರ್ ಮತ್ತು ಅದರ ಸಂಗಡದ ತಂತ್ರಾಂಶ ಇಂಥ ಗೇಜೇ ಸರಿ. 2007ರಲ್ಲಿ ಹೊರಬಂದ ಕ್ಯೂಡಾ ಎನ್ವಿಡಿಯಾ ಕಾರ್ಡುಗಳಿಗೆ ಮೀಸಲು. ಎಎಂಡಿಯ ರಾಕ್‌ಎಂ ಆಯ್ದ ಕಾರ್ಡುಗಳನ್ನಷ್ಟೇ ಅಧಿಕೃತವಾಗಿ ಬೆಂಬಲಿಸುತ್ತದೆ. ಇಂದು ಕೂಡಿದ ಗೇಜು ನಾಳೆಯೂ ಕೂಡಿರುವುದೆಂಬ ಭರವಸೆಯೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗಕ್ಕೆ ವೋಲ್ಟಾ ಪೀಳಿಗೆಯ ವಿ100 ಕಾರ್ಡುಗಳನ್ನು ಅಳವಡಿಸಿದರು. 2025ರ ಕ್ಯೂಡಾ 13 ಆ ಪೀಳಿಗೆಯನ್ನು ಕೈಬಿಟ್ಟಿತು. ಕಾರ್ಡು ಕೆಡಲಿಲ್ಲ, ಕ್ಯೂಡಾ 12ರೊಡನೆ ಅದು ನಡೆಯುತ್ತದೆ. ಹೊಸ ಆವೃತ್ತಿಯ ಹಾದಿ ಮಾತ್ರ ಮುಚ್ಚಿತು.

ಆದುದರಿಂದ, ಅಗ್ಗಕ್ಕೆ ದೊರೆತ ಹಳೆಯ ಕಾರ್ಡಿನಿಂದ ಅಭ್ಯಾಸಕ್ಕೆ ತೊಡಗುವ ಬಂಗಾರಪೇಟೆಯ ವಿದ್ಯಾರ್ಥಿ ಮೊದಲು ಓದಬೇಕಾದುದು ಬೆಂಬಲದ ಪಟ್ಟಿಯನ್ನು. ಕೋರ್‌ಗಳ ಎಣಿಕೆ ಅನಂತರದ ಮಾತು.